ರೆಟರಿಕ್ ಎಂದರೆ ಬರೀ ಭಾಷಣ ಕಲೆಯಲ್ಲ: ಈ ಪದವಿಯಲ್ಲಿ ಕಲಿಸುವುದೇನು? ಯಾರಿಗೆ ಸೂಕ್ತ?

ಅಮೆರಿಕದ ವಿಶ್ವವಿದ್ಯಾಲಯಗಳ ಕೋರ್ಸ್ ಪಟ್ಟಿಯಲ್ಲಿ 'ರೆಟರಿಕ್' ಮತ್ತು 'ಕಮ್ಯುನಿಕೇಶನ್ ಸ್ಟಡೀಸ್' ಎಂಬ ಎರಡು ಹೆಸರುಗಳು ಪದೇ ಪದೇ ಕಾಣಿಸುತ್ತವೆ. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲನೆಯದು ಭಾಷಣ ಕಲಿಸುವ ತರಬೇತಿಯಂತೆ, ಎರಡನೆಯದು ಪತ್ರಿಕೋದ್ಯಮದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಎರಡೂ ಅದಲ್ಲ.

ಮುಂಬೈ, ಪುಣೆ ಅಥವಾ ಹೈದರಾಬಾದ್‌ನಿಂದ ಸಾಲ ಮಾಡಿ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಕುಟುಂಬಕ್ಕೆ ಈ ವ್ಯತ್ಯಾಸ ತಿಳಿದಿರದಿದ್ದರೆ ನಾಲ್ಕು ವರ್ಷವೂ ಹಣವೂ ತಪ್ಪು ಕಡೆ ಹೋಗಬಹುದು. ಇನ್ನೊಂದೆಡೆ, ಈ ವಿಷಯ ನಿಜಕ್ಕೂ ಹಿಡಿಸಬಹುದಾದ ವಿದ್ಯಾರ್ಥಿ 'ಇದು ಮಾತಿನ ಮಲ್ಲರ ಕೋರ್ಸ್' ಎಂದು ಕೈಬಿಡುವುದೂ ಉಂಟು. ಹಾಗಾದರೆ ಈ ಪದವಿಯಲ್ಲಿ ಓದುವುದೇನು? ಇದರ ಹಿನ್ನೆಲೆ ಏನು? ಸೇರುವ ಮುನ್ನ ಏನನ್ನು ಪರಿಶೀಲಿಸಬೇಕು? ಇಲ್ಲಿದೆ ವಿವರ.

ಏನಿದು ರೆಟರಿಕ್?

ಜನರನ್ನು ಒಪ್ಪಿಸಲು ಮಾತು, ಬರಹ, ಚಿತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದರ ಅಧ್ಯಯನವೇ ರೆಟರಿಕ್. ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಈ ಹೆಸರಿನಲ್ಲೇ ಒಂದು ಗ್ರಂಥ ರಚಿಸಿದ. ಅವನ ಪ್ರಕಾರ ರೆಟರಿಕ್‌ನ ಕೆಲಸ ಒಪ್ಪಿಸಿಯೇ ಬಿಡುವುದಲ್ಲ. ಒಂದು ಸಂದರ್ಭದಲ್ಲಿ ಒಪ್ಪಿಸಲು ಯಾವ ಯಾವ ದಾರಿಗಳಿವೆ ಎಂದು ಗುರುತಿಸುವುದು ಅದರ ಕೆಲಸ. ವೈದ್ಯಶಾಸ್ತ್ರ ಓದಿದವನು ಎಲ್ಲ ರೋಗಿಗಳನ್ನೂ ಗುಣಪಡಿಸಲಾರ, ಆದರೆ ಚಿಕಿತ್ಸೆಯ ದಾರಿಗಳನ್ನು ಬಲ್ಲ. ಇದೂ ಹಾಗೆಯೇ.

ಆ ದಾರಿಗಳನ್ನು ಅರಿಸ್ಟಾಟಲ್ ಮೂರು ಬಗೆಯಾಗಿ ವಿಂಗಡಿಸಿದ. ಮಾತನಾಡುವವನ ಮೇಲಿನ ನಂಬಿಕೆ 'ಈಥೋಸ್'. ಕೇಳುವವರ ಮನಸ್ಸಿನಲ್ಲಿ ಏಳುವ ಭಾವನೆ 'ಪೇಥೋಸ್'. ಮಾತಿನೊಳಗಿನ ವಾದ ಮತ್ತು ಕಾರಣ 'ಲೋಗೋಸ್'. ಈ ಮೂರು ಪದಗಳನ್ನು ಕಲಿಯದೆ ಜಗತ್ತಿನ ಯಾವ ರೆಟರಿಕ್ ವಿದ್ಯಾರ್ಥಿಯೂ ಮೊದಲ ಸೆಮಿಸ್ಟರ್ ದಾಟುವುದಿಲ್ಲ.

ಇವು ಎಷ್ಟು ಹಳೆಯವೋ ಅಷ್ಟೇ ಹೊಸವು. 'ಡಿಜಿಟಲ್ ಅರೆಸ್ಟ್' ವಂಚನೆಯನ್ನೇ ನೋಡಿ. ವಿಡಿಯೋ ಕರೆಯಲ್ಲಿ ಕಾಣಿಸುವ ಪೊಲೀಸ್ ಸಮವಸ್ತ್ರ, ಹಿಂದಿನ ಗೋಡೆಯ ಲಾಂಛನ, ಗುರುತಿನ ಚೀಟಿ ಇವೆಲ್ಲ ಸುಳ್ಳು ನಂಬಿಕೆ ಹುಟ್ಟಿಸುವ ಈಥೋಸ್. 'ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ' ಎಂಬ ಬೆದರಿಕೆ ಪೇಥೋಸ್. ನಕಲಿ ವಾರಂಟ್, ಕೇಸ್ ನಂಬರ್, ಬ್ಯಾಂಕ್ ವಿವರಗಳು ಲೋಗೋಸ್‌ನ ವೇಷ ಹಾಕಿದ ಸುಳ್ಳು. ಇದರ ಜೊತೆಗೆ ನಾಲ್ಕನೆಯದೂ ಇದೆ. 'ಈಗಲೇ, ಇದೇ ಕರೆಯಲ್ಲಿ, ಯಾರಿಗೂ ಹೇಳದೆ' ಎಂಬ ಅವಸರ. ತಕ್ಕ ಹೊತ್ತನ್ನು ನೋಡಿ ಮಾತಾಡುವುದಕ್ಕೆ ಗ್ರೀಕರು 'ಕೈರೋಸ್' ಎಂಬ ಹೆಸರು ಕೊಟ್ಟಿದ್ದರು. ವಂಚಕರು ಆ ಹೊತ್ತನ್ನೇ ಕೃತಕವಾಗಿ ಸೃಷ್ಟಿಸುತ್ತಾರೆ.

2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ 'ಮನ್ ಕಿ ಬಾತ್'ನಲ್ಲಿ ಇದೇ ವಂಚನೆಯ ಬಗ್ಗೆ ಎಚ್ಚರಿಸುತ್ತಾ, ಮೊದಲು ತಡೆದು ನಿಲ್ಲಿ, ಯೋಚಿಸಿ, ನಂತರ ಕ್ರಮ ಕೈಗೊಳ್ಳಿ ಎಂದು ಸಲಹೆ ನೀಡಿದ್ದರು. ರೆಟರಿಕ್‌ನ ಭಾಷೆಯಲ್ಲಿ ಹೇಳುವುದಾದರೆ ಅದು ಕೃತಕ ಅವಸರವನ್ನು ಮುರಿಯುವ ಉಪಾಯ. ಮೋಸ ಹೋದವರಲ್ಲಿ ಓದಿದವರೂ ಇದ್ದಾರೆ, ನಿವೃತ್ತ ಅಧಿಕಾರಿಗಳೂ ಇದ್ದಾರೆ. ಅಂದರೆ ಮಾತು ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಸಾಮಾನ್ಯ ವಿದ್ಯಾಭ್ಯಾಸದ ಜೊತೆ ತಾನಾಗಿ ಬರುವುದಿಲ್ಲ.

ಪ್ಲೇಟೋ ಎತ್ತಿದ ಆಕ್ಷೇಪ

ಪ್ರಾಚೀನ ಅಥೆನ್ಸ್‌ನಲ್ಲಿ ಇಂದಿನಂತೆ ವಕೀಲರು ಇರಲಿಲ್ಲ. ಕೇಸು ಬಿದ್ದರೆ ನಾಗರಿಕನೇ ನೂರಾರು ಮಂದಿ ತೀರ್ಪುಗಾರರ ಮುಂದೆ ನಿಂತು ವಾದಿಸಬೇಕಿತ್ತು. ಹೀಗಾಗಿ ಮಾತು ಕಲಿಸುವ ಗುರುಗಳಿಗೆ ಬೇಡಿಕೆ ಬಂತು. 'ಸೋಫಿಸ್ಟ್'ಗಳೆಂಬ ಇವರು ಶುಲ್ಕ ಪಡೆದು ಪಾಠ ಹೇಳುತ್ತಿದ್ದರು. ಬೇರೆಯವರಿಗೆ ಭಾಷಣ ಬರೆದುಕೊಟ್ಟು ಹಣ ಪಡೆಯುವ ವೃತ್ತಿಯೂ ಹುಟ್ಟಿಕೊಂಡಿತು.

ಅರಿಸ್ಟಾಟಲ್‌ನ ಗುರು ಪ್ಲೇಟೋಗೆ ಇದು ಹಿಡಿಸಲಿಲ್ಲ. 'ಗೋರ್ಗಿಯಾಸ್' ಎಂಬ ಸಂವಾದದಲ್ಲಿ ಅವನು ರೆಟರಿಕ್ ಅನ್ನು ಅಡುಗೆಗೆ ಹೋಲಿಸಿದ. ಮಕ್ಕಳ ಮುಂದೆ ಸಿಹಿ ಮಾಡುವ ಬಾಣಸಿಗನನ್ನೂ ಕಹಿ ಔಷಧಿ ಕೊಡುವ ವೈದ್ಯನನ್ನೂ ನಿಲ್ಲಿಸಿದರೆ ಗೆಲ್ಲುವವನು ಬಾಣಸಿಗನೇ ಎಂಬುದು ಅವನ ವಾದ. ಮಾತು ಬಲ್ಲವನು ವಿಷಯ ಬಲ್ಲವನನ್ನು ಸೋಲಿಸಬಹುದಾದರೆ ಅಂಥ ವಿದ್ಯೆ ಯಾಕೆ ಬೇಕು?

ಅರಿಸ್ಟಾಟಲ್‌ನ ಉತ್ತರ ವ್ಯಾವಹಾರಿಕವಾಗಿತ್ತು. ಸತ್ಯ ತನ್ನಷ್ಟಕ್ಕೇ ಗೆಲ್ಲುವುದಿಲ್ಲ. ಸರಿಯಾದದ್ದನ್ನು ಹೇಳುವವನಿಗೂ ಹೇಳುವ ವಿದ್ಯೆ ಬೇಕು. ತಪ್ಪು ವಾದವನ್ನು ಗುರುತಿಸಲೂ ಅದೇ ವಿದ್ಯೆ ಬೇಕು. ಈ ಜಗಳ ಇಂದಿಗೂ ಮುಗಿದಿಲ್ಲ. ಜಾಹೀರಾತು, ಚುನಾವಣಾ ಪ್ರಚಾರ, ಸೋಷಿಯಲ್ ಮೀಡಿಯಾ ಕುರಿತ ತರಗತಿಗಳಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಚರ್ಚೆಗೆ ಬರುತ್ತದೆ.

ನಮ್ಮಲ್ಲಿ ಇಂಥ ವಿದ್ಯೆ ಇರಲಿಲ್ಲವೇ?

ಇತ್ತು. ಆದರೆ ಅದು ಒಂದೇ ಶಾಸ್ತ್ರದಲ್ಲಿ ಇರಲಿಲ್ಲ. ರೆಟರಿಕ್ ಅನ್ನು ಕನ್ನಡದಲ್ಲಿ 'ಅಲಂಕಾರಶಾಸ್ತ್ರ' ಎಂದು ಅನುವಾದಿಸುವುದುಂಟು. ಇದು ಪೂರ್ತಿ ಸರಿಯಲ್ಲ. ಅಲಂಕಾರಶಾಸ್ತ್ರದ ಮುಖ್ಯ ವಿಷಯ ಕಾವ್ಯ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ 'ಕವಿರಾಜಮಾರ್ಗ' ಈ ಪರಂಪರೆಗೆ ಸೇರಿದ್ದು.

ಗ್ರೀಕರ ರೆಟರಿಕ್‌ಗೆ ಹೆಚ್ಚು ಹತ್ತಿರವಾದದ್ದು ನ್ಯಾಯದರ್ಶನದ ವಾದ ಪರಂಪರೆ. ನ್ಯಾಯಸೂತ್ರಗಳು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತವೆ. ಸತ್ಯ ತಿಳಿಯಲು ನಡೆಸುವುದು 'ವಾದ'. ಗೆಲ್ಲುವುದಕ್ಕಾಗಿ ನಡೆಸುವುದು 'ಜಲ್ಪ'. ತನ್ನದೇ ನಿಲುವು ಇಲ್ಲದೆ ಎದುರಾಳಿಯದನ್ನು ಕೆಡವುವುದಷ್ಟೇ ಉದ್ದೇಶವಾದರೆ ಅದು 'ವಿತಂಡ'. ಮನೆಯಲ್ಲಿ ಮಕ್ಕಳು ಹಟ ಹಿಡಿದಾಗ 'ವಿತಂಡವಾದ ಮಾಡಬೇಡ' ಎಂದು ಗದರುವ ಕನ್ನಡಿಗರು ಈ ಶಾಸ್ತ್ರದ ಪದವನ್ನೇ ಬಳಸುತ್ತಿದ್ದಾರೆ. ಟಿವಿ ಚರ್ಚೆಗಳನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕು ಎಂಬುದನ್ನು ವೀಕ್ಷಕರೇ ಹೇಳಬಲ್ಲರು.

ಒಂದೇ ವಿದ್ಯೆ, ಎರಡು ವಿಭಾಗ ಯಾಕೆ?

ವಿದ್ಯಾರ್ಥಿಗಳಿಗೆ ಹೆಚ್ಚು ಗೊಂದಲ ಉಂಟುಮಾಡುವ ಸಂಗತಿ ಇದು. ಕೆಲವು ವಿವಿಗಳಲ್ಲಿ ರೆಟರಿಕ್ ಇಂಗ್ಲಿಷ್ ವಿಭಾಗದಲ್ಲಿದೆ, ಕೆಲವೆಡೆ ಕಮ್ಯುನಿಕೇಶನ್ ವಿಭಾಗದಲ್ಲಿದೆ, ಇನ್ನು ಕೆಲವೆಡೆ ಸ್ವತಂತ್ರವಾಗಿದೆ. ಇದಕ್ಕೆ ಕಾರಣ ನೂರು ವರ್ಷಗಳ ಹಿಂದಿನ ಒಂದು ಒಡಕು.

ಯುರೋಪಿನ ಮಧ್ಯಯುಗದ ವಿವಿಗಳಲ್ಲಿ ವ್ಯಾಕರಣ, ತರ್ಕ ಮತ್ತು ರೆಟರಿಕ್ ಆರಂಭಿಕ ಓದಿನ ಮೂರು ಪಾಠಗಳಾಗಿದ್ದವು. 1762ರಲ್ಲಿ ಎಡಿನ್‌ಬರೋ ವಿವಿಯಲ್ಲಿ ಹ್ಯೂ ಬ್ಲೇರ್ ರೆಟರಿಕ್‌ನ ರೀಜಿಯಸ್ ಪ್ರಾಧ್ಯಾಪಕರಾದರು. 1806ರಲ್ಲಿ ಹಾರ್ವರ್ಡ್‌ನಲ್ಲಿ ರೆಟರಿಕ್‌ನ ಬಾಯ್ಲ್‌ಸ್ಟನ್ ಪೀಠವನ್ನು ಮೊದಲು ಅಲಂಕರಿಸಿದವರು ಜಾನ್ ಕ್ವಿನ್ಸಿ ಆಡಮ್ಸ್. ಮುಂದೆ ಇವರು ಅಮೆರಿಕದ ಅಧ್ಯಕ್ಷರೂ ಆದರು.

ಆದರೆ 19ನೇ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿ ಬಾಯಿಮಾತಿಗಿಂತ ಬರವಣಿಗೆಗೆ ಮಹತ್ವ ಬಂತು. ಇಂಗ್ಲಿಷ್ ವಿಭಾಗಗಳು ಸಾಹಿತ್ಯದ ಕಡೆ ವಾಲಿದವು. ಭಾಷಣ ಕಲಿಸುವ ಅಧ್ಯಾಪಕರು ಮೂಲೆಗುಂಪಾದರು. 1914ರ ನವೆಂಬರ್‌ನಲ್ಲಿ ಶಿಕಾಗೋದಲ್ಲಿ ಇಂಥ 17 ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಹೊರಬಂದು ತಮ್ಮದೇ ಸಂಘ ಕಟ್ಟಿದರು. ಅದೇ ಇಂದಿನ 'ನ್ಯಾಷನಲ್ ಕಮ್ಯುನಿಕೇಶನ್ ಅಸೋಸಿಯೇಷನ್'. 1915ರಲ್ಲಿ ಅವರು ಆರಂಭಿಸಿದ ಪತ್ರಿಕೆ 'ಕ್ವಾರ್ಟರ್ಲಿ ಜರ್ನಲ್ ಆಫ್ ಸ್ಪೀಚ್' ಎಂಬ ಹೆಸರಿನಲ್ಲಿ ಈಗಲೂ ಪ್ರಕಟವಾಗುತ್ತಿದೆ.

ಆ ಒಡಕಿನ ಫಲವಾಗಿ ಬರವಣಿಗೆಯ ರೆಟರಿಕ್ ಇಂಗ್ಲಿಷ್ ಕಡೆ ಉಳಿಯಿತು, ಮಾತಿನ ರೆಟರಿಕ್ ಕಮ್ಯುನಿಕೇಶನ್ ಕಡೆ ಬೆಳೆಯಿತು. ಆಸ್ಟಿನ್‌ನ ಟೆಕ್ಸಾಸ್ ವಿವಿಯಲ್ಲಿ 'ರೆಟರಿಕ್ ಅಂಡ್ ರೈಟಿಂಗ್' ಎಂಬ ವಿಭಾಗವೂ ಇದೆ, 'ಕಮ್ಯುನಿಕೇಶನ್ ಸ್ಟಡೀಸ್' ಎಂಬ ಬೇರೆ ವಿಭಾಗವೂ ಇದೆ. ಕಾರ್ನೆಗಿ ಮೆಲಾನ್ ವಿವಿಯಲ್ಲಿ ರೆಟರಿಕ್ ಇಂಗ್ಲಿಷ್ ವಿಭಾಗದ ಭಾಗ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿವಿಯಲ್ಲಿ ರೆಟರಿಕ್ ಸ್ವತಂತ್ರ ವಿಭಾಗವಾಗಿದ್ದು, ತತ್ವಶಾಸ್ತ್ರ, ಕಾನೂನು, ಸಿನಿಮಾ ಕುರಿತ ಸೈದ್ಧಾಂತಿಕ ಓದಿಗೆ ಹೆಸರಾಗಿದೆ. ಹೆಸರು ಒಂದೇ ಇದ್ದರೂ ಓದು ಒಂದೇ ಅಲ್ಲ ಎಂಬುದನ್ನು ಅರ್ಜಿದಾರರು ಮುಖ್ಯವಾಗಿ ಗಮನಿಸಬೇಕು.

'ಮಾನವ ಸಂವಹನ'ದಲ್ಲಿ ಓದುವುದೇನು?

ಕಮ್ಯುನಿಕೇಶನ್ ವಿಭಾಗಗಳಲ್ಲಿ ರೆಟರಿಕ್ ಜೊತೆ ಇನ್ನೊಂದು ಧಾರೆ ಸೇರಿಕೊಂಡಿತು. ಅದು ಸಮಾಜ ವಿಜ್ಞಾನದ್ದು. ರೆಟರಿಕ್ ಒಂದು ಭಾಷಣವನ್ನೋ ಜಾಹೀರಾತನ್ನೋ ಬಿಡಿಸಿ ನೋಡಿದರೆ, ಸಮಾಜ ವಿಜ್ಞಾನಿಗಳು ಕೇಳುಗರ ಮೇಲೆ ಪ್ರಯೋಗ ಮಾಡಿ ಅಳೆಯುತ್ತಾರೆ.

ಎರಡನೇ ಮಹಾಯುದ್ಧದ ಸಮಯದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಹಾವ್ಲೆಂಡ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿ ಸೋಲುವ ಹಂತದಲ್ಲಿತ್ತು. ಆದರೆ ಜಪಾನ್ ವಿರುದ್ಧದ ಯುದ್ಧ ಬೇಗ ಮುಗಿಯುವುದಿಲ್ಲ ಎಂದು ಸೈನಿಕರಿಗೆ ಮನವರಿಕೆ ಮಾಡಬೇಕಿತ್ತು. ಒಂದು ಗುಂಪಿಗೆ ಒಂದೇ ಕಡೆಯ ವಾದವನ್ನು ಕೇಳಿಸಿದರು. ಇನ್ನೊಂದು ಗುಂಪಿಗೆ ಎದುರು ವಾದವನ್ನೂ ಸೇರಿಸಿ ಕೇಳಿಸಿದರು. ಒಟ್ಟಾರೆಯಾಗಿ ಎರಡರ ಪರಿಣಾಮದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಒಪ್ಪಿದ್ದವರಿಗೆ ಒಂದು ಕಡೆಯ ವಾದ ಹೆಚ್ಚು ನಾಟಿತ್ತು. ಒಪ್ಪದಿದ್ದವರಿಗೆ ಮತ್ತು ಹೆಚ್ಚು ಓದಿದವರಿಗೆ ಎರಡೂ ಕಡೆಯನ್ನು ಹೇಳಿದ ವಾದವೇ ಹೆಚ್ಚು ನಾಟಿತ್ತು. ಬೆಂಬಲಿಗರ ಸಭೆಯ ಭಾಷಣ ವಿರೋಧಿಗಳ ಮುಂದೆ ಯಾಕೆ ಸೋಲುತ್ತದೆ ಎಂಬುದಕ್ಕೆ ಇದು ಒಂದು ವಿವರಣೆ.

ಹೊರನಾಡ ಕನ್ನಡಿಗರಿಗೆ ಚಿರಪರಿಚಿತವಾದ ಅನುಭವವೊಂದು ಕೂಡ ಇಲ್ಲಿ ಪಾಠದ ವಿಷಯ. ಮನೆಯಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ಮರಾಠಿ ಅಥವಾ ತಮಿಳು, ಆಟೋದಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಆಡುವುದು ಇವರ ದಿನಚರಿ. ಧಾರವಾಡದವರು ಮತ್ತು ಮಂಗಳೂರಿನವರು ಮುಂಬೈನಲ್ಲಿ ಭೇಟಿಯಾದರೆ ಇಬ್ಬರೂ ತಮ್ಮ ತಮ್ಮ ಧಾಟಿಯನ್ನು ಕೊಂಚ ಕಡಿಮೆ ಮಾಡಿ ಮಾತಾಡುತ್ತಾರೆ. ಕೆಲವೊಮ್ಮೆ ಬೇಕೆಂದೇ ತಮ್ಮೂರ ಮಾತನ್ನು ಒತ್ತಿ ಆಡುತ್ತಾರೆ. ಎದುರಿನವರಿಗೆ ಹತ್ತಿರವಾಗಲು ಅಥವಾ ಅಂತರ ಕಾಯ್ದುಕೊಳ್ಳಲು ಜನ ಮಾತನ್ನು ಹೀಗೆ ಹೊಂದಿಸುವುದನ್ನು 1970ರ ದಶಕದಿಂದ ಹೊವರ್ಡ್ ಗೈಲ್ಸ್ ಸಿದ್ಧಾಂತವಾಗಿ ಬೆಳೆಸಿದರು. ಸಂಬಂಧಗಳೊಳಗಿನ ಮಾತು, ಕಚೇರಿಯ ಸಂವಹನ, ಭಿನ್ನ ಸಂಸ್ಕೃತಿಗಳ ನಡುವಿನ ಸಂವಹನ, ಸಂಧಾನ ಇವೆಲ್ಲ ಈ ಪದವಿಯ ಸಾಮಾನ್ಯ ವಿಷಯಗಳು.

ತರಗತಿಯಲ್ಲಿ ಒಂದು ಭಾಷಣವನ್ನು ಓದುವುದು ಹೇಗೆ?

ರೆಟರಿಕ್ ತರಗತಿಯ ಓದು ಹೇಗಿರುತ್ತದೆ ಎಂದು ತಿಳಿಯಲು ಭಾರತದ್ದೇ ಉದಾಹರಣೆ ತೆಗೆದುಕೊಳ್ಳಬಹುದು. 1949ರ ನವೆಂಬರ್ 25ರಂದು ಕರಡು ಸಮಿತಿ ಅಧ್ಯಕ್ಷ ಡಾ. ಬಿ.ಆರ್. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ಅದು. ಮರುದಿನವೇ ಸಂವಿಧಾನ ಅಂಗೀಕಾರವಾಗಬೇಕಿತ್ತು.

ಸಾಮಾನ್ಯ ಓದುಗ 'ಅವರು ಏನು ಹೇಳಿದರು' ಎಂದು ಕೇಳುತ್ತಾನೆ. ರೆಟರಿಕ್ ವಿದ್ಯಾರ್ಥಿ 'ಅದನ್ನು ಯಾವ ಕ್ರಮದಲ್ಲಿ, ಯಾರಿಗೆ, ಯಾಕೆ ಹೇಳಿದರು' ಎಂದೂ ಕೇಳಬೇಕು. ಕೆಲಸ ನಿಧಾನವಾಯಿತು ಎಂಬ ಟೀಕೆಗೆ ಅಂಬೇಡ್ಕರ್ ಮೊದಲು ಲೆಕ್ಕ ಕೊಡುತ್ತಾರೆ. ಕರಡು ಸಮಿತಿ 141 ದಿನ ಕುಳಿತಿತ್ತು. ಸುಮಾರು 7,635 ತಿದ್ದುಪಡಿಗಳು ಸಲ್ಲಿಕೆಯಾಗಿದ್ದು, 2,473 ಮಂಡನೆಯಾಗಿದ್ದವು. ಇದು ಲೋಗೋಸ್.

ನಂತರ, ಪರಿಶಿಷ್ಟ ಜಾತಿಗಳ ಹಿತ ಕಾಯುವ ಉದ್ದೇಶದಿಂದಷ್ಟೇ ಸಭೆಗೆ ಬಂದೆ, ಇಷ್ಟು ದೊಡ್ಡ ಹೊಣೆಯನ್ನು ನಿರೀಕ್ಷಿಸಿರಲಿಲ್ಲ ಎನ್ನುತ್ತಾರೆ. ಸಂವಿಧಾನದ ಶ್ರೇಯವನ್ನು ಮಂಗಳೂರು ಮೂಲದ ಬಿ.ಎನ್. ರಾವ್, ಕರಡು ಬರೆದ ಎಸ್.ಎನ್. ಮುಖರ್ಜಿ ಮುಂತಾದವರೊಂದಿಗೆ ಹಂಚಿಕೊಳ್ಳುತ್ತಾರೆ. ತಮ್ಮನ್ನು ವಿರೋಧಿಸಿದ ಸದಸ್ಯರಿಗೂ ಹೆಸರು ಹೇಳಿ ಕೃತಜ್ಞತೆ ಸಲ್ಲಿಸುತ್ತಾರೆ. ಹೀಗೆ ನಂಬಿಕೆ ಗಳಿಸಿದ ಮೇಲೆಯೇ ಕಠಿಣ ಮಾತುಗಳು ಬರುತ್ತವೆ.

ಅವು ಮೂರು ಎಚ್ಚರಿಕೆಗಳು. ಸಂವಿಧಾನದ ದಾರಿ ತೆರೆದಿರುವಾಗ ಬೀದಿಯ ದಾರಿ ಹಿಡಿಯಬಾರದು. ಎಷ್ಟೇ ದೊಡ್ಡ ನಾಯಕನಾದರೂ ರಾಜಕಾರಣದಲ್ಲಿ ಅವನಿಗೆ ಭಕ್ತಿಯಿಂದ ಶರಣಾಗಬಾರದು. ಮತದ ಸಮಾನತೆ ಸಿಕ್ಕಿತೆಂದು ಸಾಮಾಜಿಕ, ಆರ್ಥಿಕ ಅಸಮಾನತೆಯನ್ನು ಮರೆಯಬಾರದು. ಈ ಎಚ್ಚರಿಕೆಗಳನ್ನು ಭಾಷಣದ ಆರಂಭದಲ್ಲೇ ಇಟ್ಟಿದ್ದರೆ ಸಂಭ್ರಮದ ಹೊತ್ತಿನಲ್ಲಿದ್ದ ಸಭೆ ಹೇಗೆ ಸ್ವೀಕರಿಸುತ್ತಿತ್ತು? ಎದುರಿನ ಸದಸ್ಯರಲ್ಲದೆ ಮುಂದಿನ ತಲೆಮಾರು ಕೂಡ ಇದರ ಶ್ರೋತೃವೇ? ವಿದ್ಯಾರ್ಥಿ ಇಂಥ ಪ್ರಶ್ನೆಗಳಿಗೆ ಪಠ್ಯದಿಂದಲೇ ಆಧಾರ ಕೊಟ್ಟು ಪ್ರಬಂಧ ಬರೆಯಬೇಕು.

ಅಂಬೇಡ್ಕರ್ ಅವರ ಬರಹ ಮತ್ತು ಭಾಷಣಗಳು ಈ ಕ್ಷೇತ್ರದಲ್ಲಿ ಸಂಶೋಧನೆಯ ವಿಷಯವೂ ಆಗಿವೆ. 1913ರಿಂದ 1916ರವರೆಗೆ ಕೊಲಂಬಿಯಾ ವಿವಿಯಲ್ಲಿ ಓದಿದ ಅವರು ಅಲ್ಲಿ ತತ್ವಜ್ಞಾನಿ ಜಾನ್ ಡ್ಯೂಯಿ ಅವರ ಪಾಠ ಕೇಳಿದ್ದರು. ಆ ನಂಟನ್ನು ರೆಟರಿಕ್ ದೃಷ್ಟಿಯಿಂದ ಪರಿಶೀಲಿಸಿದ ಸ್ಕಾಟ್ ಸ್ಟ್ರೌಡ್ ಅವರ ಕೃತಿಯನ್ನು 2023ರಲ್ಲಿ ಶಿಕಾಗೋ ವಿವಿ ಪ್ರೆಸ್ ಪ್ರಕಟಿಸಿದೆ.

ಪತ್ರಿಕೋದ್ಯಮಕ್ಕೂ ಇದಕ್ಕೂ ವ್ಯತ್ಯಾಸವೇನು?

ಭಾರತದಲ್ಲಿ 'ಕಮ್ಯುನಿಕೇಶನ್' ಎಂದರೆ ಬಹುತೇಕ ಸಮೂಹ ಮಾಧ್ಯಮವೇ. 1965ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಐಐಎಂಸಿ, ಮುಂಬೈ ವಿವಿಯ ಬಿಎಎಂಎಂಸಿ ಪದವಿ, ಪುಣೆಯ ರಾನಡೆ ಇನ್‌ಸ್ಟಿಟ್ಯೂಟ್ ಇವೆಲ್ಲ ಪ್ರಧಾನವಾಗಿ ಮಾಧ್ಯಮ ವೃತ್ತಿಗೆ ತಯಾರು ಮಾಡುತ್ತವೆ. ಹೈದರಾಬಾದ್ ವಿವಿಯ ಕಮ್ಯುನಿಕೇಶನ್ ವಿಭಾಗದಂಥ ಕಡೆ ಸಂಶೋಧನೆಗೂ ಅವಕಾಶವಿದೆ. ರೆಟರಿಕ್ ಹೆಸರಿನ ಪ್ರತ್ಯೇಕ ಪದವಿ ನಮ್ಮಲ್ಲಿ ಅಪರೂಪ.

ಸರಳವಾಗಿ ಹೇಳುವುದಾದರೆ, ಸ್ಪೋಕನ್ ಇಂಗ್ಲಿಷ್ ಮತ್ತು ಪಬ್ಲಿಕ್ ಸ್ಪೀಕಿಂಗ್ ತರಬೇತಿ ಕೌಶಲ ಕಲಿಸುತ್ತದೆ. ಪತ್ರಿಕೋದ್ಯಮ ಸುದ್ದಿ ಸಂಗ್ರಹ ಮತ್ತು ನಿರೂಪಣೆಯ ವೃತ್ತಿ ಕಲಿಸುತ್ತದೆ. ರೆಟರಿಕ್ ಮತ್ತು ಕಮ್ಯುನಿಕೇಶನ್ ಸ್ಟಡೀಸ್ ಮಾತು ಮತ್ತು ಬರಹದ ಪರಿಣಾಮವನ್ನು ವಿಶ್ಲೇಷಿಸಲು ಕಲಿಸುತ್ತವೆ. ಭಾಷಣ ಮಾಡುವ ತರಗತಿ ಅದರಲ್ಲೂ ಇರುತ್ತದೆ. ಆದರೆ ಓದುವುದು, ವಾದ ಕಟ್ಟುವುದು, ಪ್ರಬಂಧ ಬರೆಯುವುದೇ ಹೆಚ್ಚು. ಸಭಾಕಂಪ ಇರುವವರು ಇದಕ್ಕೆ ಬರಬಾರದು ಎಂದೇನಿಲ್ಲ. ಆದರೆ ಓದಲು, ಬರೆಯಲು ಬೇಸರಪಡುವವರಿಗೆ ಇದು ಕಷ್ಟ.

ಕೆಲಸ, ವೀಸಾ: ತಿಳಿದಿರಬೇಕಾದ ಸತ್ಯ

ಈ ಪದವಿ ಎಂಜಿನಿಯರಿಂಗ್ ಅಥವಾ ನರ್ಸಿಂಗ್‌ನಂತೆ ನೇರವಾಗಿ ಒಂದು ವೃತ್ತಿಗೆ ಒಯ್ಯುವುದಿಲ್ಲ. ಓದಿದವರು ಕಾನೂನು, ಸಾರ್ವಜನಿಕ ಸಂಪರ್ಕ, ಕಾರ್ಪೊರೇಟ್ ಸಂವಹನ, ಮಾನವ ಸಂಪನ್ಮೂಲ, ಭಾಷಣ ರಚನೆ, ನೀತಿ ಸಂಶೋಧನೆ, ಅಧ್ಯಾಪನ ಹೀಗೆ ಹಲವು ಕಡೆ ಹೋಗುತ್ತಾರೆ. ಇಂಟರ್ನ್‌ಶಿಪ್, ಬರಹಗಳ ಸಂಗ್ರಹ ಅಥವಾ ಇನ್ನೊಂದು ವಿಷಯದ ಜ್ಞಾನ ಜೊತೆಗಿದ್ದರೆ ಅನುಕೂಲ.

ಅಮೆರಿಕಕ್ಕೆ ಹೋಗುವವರು ವೀಸಾ ನಿಯಮವನ್ನು ಮೊದಲೇ ನೋಡಬೇಕು. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿದವರಿಗೆ ಸಾಮಾನ್ಯವಾಗಿ 12 ತಿಂಗಳ 'ಒಪಿಟಿ' ಕೆಲಸದ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿರುವ ಪದವಿಗಳಿಗೆ ಮಾತ್ರ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ. ರೆಟರಿಕ್ ಮತ್ತು ಸಾಮಾನ್ಯ ಕಮ್ಯುನಿಕೇಶನ್ ಪದವಿಗಳು ಆ ಪಟ್ಟಿಗೆ ಬರುವುದಿಲ್ಲ. ಅಂದರೆ ಸಾಲ ತೀರಿಸಲು ಅಲ್ಲಿ ಸಿಗುವ ಕಾಲ ಕಡಿಮೆ. ನಿಯಮಗಳು ಬದಲಾಗುವುದರಿಂದ ಕೋರ್ಸ್‌ನ 'ಸಿಐಪಿ' ಕೋಡ್ ಯಾವುದೆಂದು ವಿವಿಯಿಂದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಸ್ನಾತಕೋತ್ತರ ಮತ್ತು ಪಿಎಚ್‌ಡಿ ಹಂತದಲ್ಲಿ ಚಿತ್ರ ಬೇರೆ. ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಬರವಣಿಗೆ ಮತ್ತು ಭಾಷಣದ ತರಗತಿಗಳು ದೊಡ್ಡ ಪ್ರಮಾಣದಲ್ಲಿ ನಡೆಯುತ್ತವೆ. ಇವನ್ನು ಕಲಿಸುವ ಸಂಶೋಧನಾ ವಿದ್ಯಾರ್ಥಿಗಳಿಗೆ ಅನೇಕ ವಿವಿಗಳು ಶುಲ್ಕ ವಿನಾಯಿತಿ ಮತ್ತು ಮಾಸಿಕ ವೇತನ ನೀಡುತ್ತವೆ. ಅದಕ್ಕೆ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬೇಕಾಗುತ್ತದೆ.

ಅರ್ಜಿ ಹಾಕುವ ಮುನ್ನ ಏನು ಮಾಡಬೇಕು?

* ಪದವಿಯ ಹೆಸರಿಗೆ ಮರುಳಾಗದೆ ಕಡ್ಡಾಯ ಪತ್ರಿಕೆಗಳ ಪಟ್ಟಿ ಓದಿ. ವಿಡಿಯೋ ಸಂಕಲನ, ವರದಿಗಾರಿಕೆ ಹೆಚ್ಚಿದ್ದರೆ ಅದು ಮಾಧ್ಯಮ ಕೋರ್ಸ್. ವಾದ ವಿಶ್ಲೇಷಣೆ, ರೆಟರಿಕ್ ವಿಮರ್ಶೆ, ಸಂಶೋಧನಾ ವಿಧಾನ ಇದ್ದರೆ ಅದು ಸಂವಹನದ ಅಧ್ಯಯನ.
* ವಿಭಾಗ ಇಂಗ್ಲಿಷ್ ಅಡಿಯಲ್ಲಿದೆಯೇ, ಕಮ್ಯುನಿಕೇಶನ್ ಅಡಿಯಲ್ಲಿದೆಯೇ ನೋಡಿ. ಮೊದಲನೆಯದರಲ್ಲಿ ಬರವಣಿಗೆಗೆ, ಎರಡನೆಯದರಲ್ಲಿ ಮಾತು ಮತ್ತು ಸಮಾಜ ವಿಜ್ಞಾನಕ್ಕೆ ಒತ್ತು ಹೆಚ್ಚು.
* ಅಧ್ಯಾಪಕರು ಏನು ಬರೆದಿದ್ದಾರೆ, ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ.
* ಅಂಬೇಡ್ಕರ್ ಅವರ ಆ ಭಾಷಣವನ್ನು ಪೂರ್ತಿ ಓದಿ. ಸಂವಿಧಾನ ಸಭೆಯ ಚರ್ಚೆಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಯಾವ ಮಾತು ಯಾಕೆ ಅಲ್ಲೇ ಬಂತು ಎಂದು ಎರಡು ಪುಟ ಬರೆದು ನೋಡಿ.

ಆ ಎರಡು ಪುಟ ಬರೆಯುವಾಗ ಹೊತ್ತು ಹೋದದ್ದು ತಿಳಿಯದಿದ್ದರೆ ಈ ಪದವಿ ಹಿಡಿಸಬಹುದು. ಅರ್ಧಕ್ಕೇ ಬೇಸರವಾದರೆ, ಲಕ್ಷಾಂತರ ರೂಪಾಯಿ ಕಟ್ಟುವ ಮೊದಲೇ ಅದು ತಿಳಿದದ್ದು ಲಾಭವೇ.